‘ನೀವೇ ಅಲ್ವಾ?’ ಅಂದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ

ರಾತ್ರಿ ಹನ್ನೊಂದೂವರೆ ಇರಬೇಕು. ಅಪ್ಪನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದೆ. ನರ್ಸ್ ಬಂದರು. ಕೈಯಲ್ಲಿ ಟ್ರೇ, ಟ್ರೇಯಲ್ಲಿ ಆರೇಳು ಸಿರಿಂಜು. ಒಂದು ಹೆಸರು ಹೇಳಿ, ‘ನೀವೇ ಅಲ್ವಾ?’ ಅಂದರು. ಅದು ಆಚೆ ಮಂಚದವರ ಹೆಸರು. ಅಪ್ಪನಿಗೆ ಒಂದು ಕಿವಿ ಮಂದ. ಯಾರು ಏನು ಕೇಳಿದರೂ ನಗುತ್ತಾ ‘ಹೂಂ’ ಅನ್ನುವುದು ಅವರ ಅಭ್ಯಾಸ. ಅವತ್ತೂ ಹೂಂ ಅಂದರು. ತೋಳು ಚಾಚಿದರು.

‘ಸಿಸ್ಟರ್, ಅದು ಇವರ ಹೆಸರಲ್ಲ’ ಅನ್ನೋದಕ್ಕೆ ನನಗೆ ಎರಡು ಮೂರು ಸೆಕೆಂಡ್ ಹಿಡಿಯಿತು. ನಿದ್ದೆಗಣ್ಣು ಒಂದು ಕಾರಣ. ಇನ್ನೊಂದು ಕಾರಣ ಹೇಳೋಕೆ ಸ್ವಲ್ಪ ನಾಚಿಕೆ. ಅವರಿಗೆ ಗೊತ್ತಿರುತ್ತೆ, ಮಧ್ಯೆ ಬಾಯಿ ಹಾಕಿದರೆ ಬೈಸಿಕೊಳ್ಳುತ್ತೇನೇನೋ ಅಂತ ಒಂದು ಅಳುಕು.

ಆ ನರ್ಸ್ ಬೇಜವಾಬ್ದಾರಿಯವರಲ್ಲ. ಆಮೇಲೆ ಅವರೇ ಹೇಳಿದರು, ಆ ರಾತ್ರಿ ಇಡೀ ವಾರ್ಡಿಗೆ ಅವರೊಬ್ಬರೇ. ಜೊತೆಯಲ್ಲಿ ಇರಬೇಕಾದವರು ಬಂದಿರಲಿಲ್ಲ. ಸಂಜೆಯಷ್ಟೇ ಯಾರೋ ಒಬ್ಬ ರೋಗಿಯ ಕಡೆಯವರು ಅವರ ಮುಖಕ್ಕೆ ಮುಖ ಕೊಟ್ಟು ಕೂಗಾಡಿ ಹೋಗಿದ್ದರು. ಕೈ ಇನ್ನೂ ನಡುಗುತ್ತಿತ್ತಂತೆ.

ಒಂದು ಸಿರಿಂಜಿನ ಸುತ್ತ ಮೂರು ಜನ. ಮಲಗಿದ್ದ ರೋಗಿ, ಪಕ್ಕದಲ್ಲಿ ಕೂತಿದ್ದ ನಾನು, ನಿಂತಿದ್ದ ನರ್ಸ್. ಮೂವರಲ್ಲಿ ಯಾರ ಸುರಕ್ಷತೆ ಕೆಟ್ಟಿದ್ದರಿಂದ ಆ ಸಂದರ್ಭ ಬಂತು? ಒಬ್ಬರ ಕಡೆ ಬೆರಳು ತೋರಿಸೋದು ಕಷ್ಟ.

ಆದರೆ ಬಹಳಷ್ಟು ಆಸ್ಪತ್ರೆಗಳು ಈ ಮೂವರಿಗೂ ಬೇರೆ ಬೇರೆ ಫೈಲ್ ಇಟ್ಟಿರುತ್ತವೆ. ರೋಗಿಯ ಸುರಕ್ಷತೆ ನೋಡೋದಕ್ಕೆ ಒಂದು ಸಮಿತಿ. ಸಿಬ್ಬಂದಿಯ ವಿಷಯ ಎಚ್‌ಆರ್‌ಗೆ. ನೋಡಲು ಬರುವವರ ವಿಷಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರಿಗೆ. ಒಂದು ಫೈಲಿನಲ್ಲಿ ಇರೋದು ಇನ್ನೊಂದಕ್ಕೆ ಗೊತ್ತಿರಲ್ಲ. ನನ್ನ ಪ್ರಕಾರ ಎಡವಟ್ಟು ಶುರುವಾಗೋದೇ ಇಲ್ಲಿಂದ. ದೊಡ್ಡ ಅನಾಹುತಗಳ ಕಥೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಮತ್ತೆ ಮತ್ತೆ ಎರಡೇ ಪ್ರಶ್ನೆ ಎದುರಾಗುತ್ತವೆ. ಕಂಡವರು ಬಾಯಿ ಬಿಡಬಹುದಿತ್ತಾ? ಬಿಟ್ಟಾಗ ಯಾರಿಗಾದರೂ ಕೇಳಿಸಿತಾ?

ಮೊದಲು ಸಮಸ್ಯೆ ಎಷ್ಟು ದೊಡ್ಡದು ಅಂತ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಚಿಕಿತ್ಸೆಗೆ ಹೋದ ಪ್ರತಿ 10 ಜನರಲ್ಲಿ ಸುಮಾರು ಒಬ್ಬರಿಗೆ ಆ ಚಿಕಿತ್ಸೆಯ ಹಾದಿಯಲ್ಲೇ ಏನಾದರೂ ಹಾನಿಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದು. ಸುರಕ್ಷಿತವಲ್ಲದ ಚಿಕಿತ್ಸೆಯಿಂದ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಆಸ್ಪತ್ರೆಯಲ್ಲೇ ಅಂಟಿಕೊಳ್ಳುವ ಸೋಂಕು ಶ್ರೀಮಂತ ದೇಶಗಳಲ್ಲಿ ದಾಖಲಾದ 100 ಜನರಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಬರುತ್ತದೆ. ಸಿಬ್ಬಂದಿಯ ಕಡೆ ತಿರುಗಿದರೆ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ 250ಕ್ಕೂ ಹೆಚ್ಚು ಸಮೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿತ್ತು. ಕೆಲಸದ ಜಾಗದಲ್ಲಿ ಬೈಗುಳ, ಬೆದರಿಕೆ ಅಥವಾ ಹೊಡೆತ, ಈ ಮೂರರಲ್ಲಿ ಒಂದಾದರೂ ಕಂಡವರು ಶೇ 62ರಷ್ಟು. ಮೈಮೇಲೆ ಕೈ ಬಿದ್ದದ್ದು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರ ಮೇಲೆ.

ನೋಡಲು ಬರುವವರಿಗೆ ಏನಾಗುತ್ತದೆ ಅನ್ನೋದಕ್ಕೆ ಇಂಥ ಜಾಗತಿಕ ಲೆಕ್ಕ ಕಣ್ಣಿಗೆ ಬೀಳೋದೇ ಇಲ್ಲ. ಎಣಿಸುವವರ ಕಣ್ಣಿಗೂ ಅವರು ಬಿದ್ದಿಲ್ಲವೇನೋ.

ವೈದ್ಯನ ಬೆರಳಿನ ಗಾಯ

ಈ ಮೂರೂ ಸುರಕ್ಷತೆ ಒಂದೇ ಹಗ್ಗದ ಎಳೆಗಳು ಅನ್ನೋದಕ್ಕೆ ಬಹಳ ಹಳೆಯ ಸಾಕ್ಷಿ ವಿಯೆನ್ನಾದ್ದು. 1840ರ ದಶಕ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಒಂದನ್ನು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ವೈದ್ಯರಿದ್ದ ಕಡೆ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಹೆರಿಗೆಗೆ ಬಂದ ಹೆಂಗಸರು ‘ನಮ್ಮನ್ನು ಆ ಕಡೆ ಮಾತ್ರ ಹಾಕಬೇಡಿ’ ಅಂತ ಕೈ ಮುಗಿದು ಕೇಳಿಕೊಳ್ಳುತ್ತಿದ್ದರು. ರೋಗಿಗಳು ಬಾಯಿ ಬಿಟ್ಟು ಹೇಳುತ್ತಲೇ ಇದ್ದರು. ಕೇಳಿಸಿಕೊಂಡವರು ಕಮ್ಮಿ.

ಆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ಯುವ ವೈದ್ಯನಿದ್ದ. 1847ರಲ್ಲಿ ಅವನ ಸಹೋದ್ಯೋಗಿ ಒಬ್ಬ ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯ ಕೈಲಿದ್ದ ಚಾಕು ತಾಗಿ ಬೆರಳು ಕುಯ್ಯಿತು. ಕೆಲವು ದಿನಗಳಲ್ಲಿ ಆತ ತೀರಿಕೊಂಡ. ಆತನ ದೇಹದಲ್ಲಿ ಕಂಡದ್ದು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದದ್ದೇ. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಶವ ಮುಟ್ಟಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದೇವೆ. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯೋದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಬಂತು.

ಒಬ್ಬ ಸಿಬ್ಬಂದಿಗೆ ಆದ ಗಾಯ ಅಷ್ಟೂ ಬಾಣಂತಿಯರ ಸಾವಿನ ಕಾರಣ ತೋರಿಸಿಕೊಟ್ಟಿತು. ಇದನ್ನು ಎರಡು ಫೈಲಿನಲ್ಲಿ ಇಟ್ಟಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಮುಂದಿನ ಕಥೆ ನಿಮಗೂ ಗೊತ್ತಿರಬಹುದು. ಹಿರಿಯ ವೈದ್ಯರು ಒಪ್ಪಲಿಲ್ಲ. ನಮ್ಮ ಕೈಯೇ ಕೊಳಕಾ ಅಂತ ಸಿಟ್ಟಾದವರೂ ಇದ್ದರು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ಗಾಯದ ಸೋಂಕಿನಿಂದಲೇ ತೀರಿಕೊಂಡ. 47 ವರ್ಷ ವಯಸ್ಸು.

ಸೂಜಿಯ ವಿಷಯವೂ ಇದೇ ಜಾತಿಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಸಿಕೊಳ್ಳೋದು ನರ್ಸ್‌ಗಳಿಗೆ, ಲ್ಯಾಬಿನವರಿಗೆ, ಕಸ ಎತ್ತುವವರಿಗೆ ಹೊಸದಲ್ಲ. ರೋಗಿಗೆ ಎಚ್‌ಐವಿ ಇದ್ದರೆ ಅಂಥ ಒಂದು ಚುಚ್ಚಿನಿಂದ ಸೋಂಕು ಬರುವ ಸಾಧ್ಯತೆ 1000ಕ್ಕೆ 3. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ 100ಕ್ಕೆ 30ರವರೆಗೂ ಹೋಗಬಹುದು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಎಷ್ಟು ಬೇಗ ಅಷ್ಟು ಒಳ್ಳೆಯದು. ಅಂದರೆ ಚುಚ್ಚಿಸಿಕೊಂಡವರು ಆಗಲೇ ಹೇಳಬೇಕು. ಆದರೆ ಹೇಳಿದರೆ ‘ನಿನಗೆ ಸೂಜಿ ಹಿಡಿಯೋಕೂ ಬರಲ್ವಾ’ ಅನ್ನುವ ಮೇಲಿನವರಿದ್ದರೆ ಬೆರಳನ್ನು ನಲ್ಲಿ ನೀರಿಗೆ ಹಿಡಿದು ಸುಮ್ನಾಗುತ್ತಾರೆ. ಸುಮ್ನಾದ ಮೇಲೆ ಆ ಗಂಟೆಗಳು ಮತ್ತೆ ಸಿಗಲ್ಲ.

ಹೆಸರು ಕೇಳುವ ರೀತಿ

ಮತ್ತೆ ಅಪ್ಪನ ಮಂಚಕ್ಕೆ ಬರುತ್ತೇನೆ. ‘ನೀವೇ ಅಲ್ವಾ?’ ಅನ್ನೋ ಪ್ರಶ್ನೆಯ ಹೊಟ್ಟೆಯೊಳಗೇ ಉತ್ತರ ಇದೆ. ಕೇಳುವವರಿಗೆ ಬೇಕಾದ್ದು ಹೂಂ, ಹೇಳುವವರಿಗೆ ಸುಲಭವಾದದ್ದೂ ಹೂಂ. ಕಿವಿ ಕೇಳದವರು, ಜ್ವರದ ಮಂಪರಿನಲ್ಲಿ ಇರುವವರು, ಆ ಭಾಷೆ ಬಾರದವರು, ದೊಡ್ಡವರ ಎದುರು ಇಲ್ಲ ಅನ್ನಲು ಹಿಂಜರಿಯುವವರು, ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ರೋಗಿಯ ಗುರುತು ಹಿಡಿಯೋದಕ್ಕೆ ಒಂದು ಸರಳ ಪದ್ಧತಿ ಇದೆ. ‘ನಿಮ್ಮ ಪೂರ್ತಿ ಹೆಸರು ಹೇಳಿ’ ಅಂತ ಕೇಳಬೇಕು. ಜೊತೆಗೆ ಹುಟ್ಟಿದ ದಿನವನ್ನೋ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೋ ಕೇಳಬೇಕು. ಎರಡನ್ನೂ ಕೈಪಟ್ಟಿಯ ಜೊತೆ, ಕೇಸ್ ಶೀಟಿನ ಜೊತೆ ಹೋಲಿಸಿ ನೋಡಬೇಕು. ಮಂಚದ ನಂಬರು ಗುರುತಲ್ಲ. ರೋಗಿಯನ್ನು ಕಿಟಕಿ ಪಕ್ಕಕ್ಕೆ ಸ್ಥಳಾಂತರಿಸಿದರೆ ನಂಬರು ಅಲ್ಲೇ ಉಳಿಯುತ್ತದೆ, ಮನುಷ್ಯ ಉಳಿಯಲ್ಲ.

ಇದಕ್ಕೆ ಯಂತ್ರ ಬೇಕಿಲ್ಲ, ದುಡ್ಡು ಬೇಕಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಸಾಕು. ಬೇಕಾಗೋದು ಹತ್ತು ಸೆಕೆಂಡ್. ಒಬ್ಬರೇ ಇಡೀ ವಾರ್ಡ್ ನೋಡುವ ರಾತ್ರಿ ಆ ಹತ್ತು ಸೆಕೆಂಡೇ ಇರಲ್ಲ ಅನ್ನೋದು ಬೇರೆ ಮಾತು. ಅದನ್ನು ಮುಂದೆ ನೋಡೋಣ.

ಆಪರೇಷನ್ ಥಿಯೇಟರಿನಲ್ಲಿ ಇದೇ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ಪಟ್ಟಿ ಹೊರತಂದಿತು. ಅರಿವಳಿಕೆ ಕೊಡುವ ಮೊದಲು ಕೆಲವು, ಚರ್ಮ ಕುಯ್ಯುವ ಮೊದಲು ಕೆಲವು, ರೋಗಿ ಥಿಯೇಟರಿನಿಂದ ಹೊರಡುವ ಮೊದಲು ಕೆಲವು. ರೋಗಿ ಇವರೇನಾ, ಯಾವ ಕಡೆ ಆಪರೇಷನ್, ಅಲರ್ಜಿ ಇದೆಯಾ, ಕೊನೆಗೆ ಸೂಜಿ ಮತ್ತು ರಕ್ತ ಒರೆಸುವ ಬಟ್ಟೆಯ ಲೆಕ್ಕ ಸರಿ ಇದೆಯಾ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ತೊಡಕುಗಳು ಶೇ 11ರಿಂದ 7ಕ್ಕೆ. ಈ ಫಲಿತಾಂಶ 2009ರಲ್ಲಿ ಬಂತು.

ಆ ಪಟ್ಟಿಯಲ್ಲಿ ನನಗೆ ಇಷ್ಟವಾದ ಅಂಶ ಬೇರೆ. ಚಾಕು ಇಡುವ ಮೊದಲು ಥಿಯೇಟರಿನಲ್ಲಿ ಇರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ಮೇಲ್ನೋಟಕ್ಕೆ ಕೆಲಸಕ್ಕೆ ಬಾರದ ಶಿಷ್ಟಾಚಾರದ ಹಾಗೆ ಕಾಣುತ್ತದೆ. ದಿನಾ ಜೊತೆಗೆ ಕೆಲಸ ಮಾಡುವವರಿಗೆ ಪರಿಚಯ ಯಾಕೆ? ಆದರೆ ಒಮ್ಮೆ ಎಲ್ಲರೆದುರು ಬಾಯಿ ತೆರೆದ ಕಿರಿಯ ನರ್ಸ್‌ಗೆ, ಇಪ್ಪತ್ತು ನಿಮಿಷ ಆದ ಮೇಲೆ ‘ಡಾಕ್ಟರೇ, ಬಟ್ಟೆ ಒಂದು ಕಮ್ಮಿ ಇದೆ’ ಅನ್ನೋದು ಸ್ವಲ್ಪ ಸುಲಭ. ಗಂಟಲು ಆಗಲೇ ಒಮ್ಮೆ ತೆರೆದಿರುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯದ ಐಸಿಯುಗಳಲ್ಲಿ ನಡೆದದ್ದೂ ಇಂಥದ್ದೇ. ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ ರಕ್ತಕ್ಕೆ ಸೋಂಕು ಹತ್ತುತ್ತಿತ್ತು. ಐದು ಸಣ್ಣ ಹೆಜ್ಜೆ ಗೊತ್ತುಮಾಡಿದರು. ಕೈ ತೊಳೆಯೋದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಅನ್ನೋ ಸೋಂಕುನಾಶಕದಿಂದ ಶುಚಿ ಮಾಡೋದು, ರೋಗಿಯ ಮೈಪೂರ್ತಿ ಶುದ್ಧ ಬಟ್ಟೆ ಹೊದಿಸೋದು, ಆದಷ್ಟು ತೊಡೆಸಂದಿಯ ಜಾಗ ಬಿಡೋದು, ಬೇಡದ ಕೊಳವೆ ಬೇಗ ತೆಗೆಯೋದು. ಇದರಲ್ಲಿ ಹೊಸದೇನೂ ಇಲ್ಲ. ಹೊಸದಾಗಿದ್ದದ್ದು ಜೊತೆಗಿದ್ದ ಇನ್ನೊಂದು ಮಾತು: ವೈದ್ಯರು ಒಂದು ಹೆಜ್ಜೆ ಬಿಟ್ಟರೆ ಅವರನ್ನು ನಿಲ್ಲಿಸುವ ಅಧಿಕಾರ ನರ್ಸ್‌ಗೆ ಕೊಟ್ಟರು. ತುರ್ತು ಸಂದರ್ಭ ಒಂದನ್ನು ಬಿಟ್ಟು. 18 ತಿಂಗಳಲ್ಲಿ ಸೋಂಕು ಮೂರನೇ ಎರಡರಷ್ಟು ಇಳಿಯಿತು.

ಇದೇ ಪಟ್ಟಿಗಳನ್ನು ಬೇರೆ ಕಡೆ ತಂದಾಗ ಕೆಲವೊಮ್ಮೆ ಏನೂ ಬದಲಾಗಲಿಲ್ಲ. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಹಾಳೆ ಬಂತು, ಟಿಕ್ ಬಿತ್ತು, ನಿಲ್ಲಿಸುವ ಅಧಿಕಾರ ಮಾತ್ರ ಬರಲಿಲ್ಲ. ಆಪರೇಷನ್ ಮುಗಿದ ಮೇಲೆ ಒಟ್ಟಿಗೇ ಹತ್ತೊಂಬತ್ತು ಟಿಕ್ ಹಾಕುವ ಚಂದ ನೋಡಬೇಕು ನೀವು.

ನಿದ್ದೆ, ಭಯ, ಹೊಡೆತ

ಬಾಯಿ ಬಿಡೋದಕ್ಕೆ ಧೈರ್ಯ ಒಂದೇ ಸಾಲದು, ಎಚ್ಚರವೂ ಬೇಕು. 1997ರ ಒಂದು ಪ್ರಯೋಗದಲ್ಲಿ, 17 ಗಂಟೆ ನಿದ್ದೆ ಇಲ್ಲದೆ ಇದ್ದವರ ಕೈ–ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸುವಂತಿಲ್ಲ. 2004ರ ಇನ್ನೊಂದು ಅಧ್ಯಯನ ಐಸಿಯುನ ಕಿರಿಯ ವೈದ್ಯರನ್ನು ನೋಡಿತು. 24 ಗಂಟೆಗೂ ಹೆಚ್ಚಿನ ಪಾಳಿ ಇದ್ದಾಗ, ಪಾಳಿ ಕಡಿಮೆ ಮಾಡಿದ ಸಮಯಕ್ಕಿಂತ ಶೇ 36ರಷ್ಟು ಜಾಸ್ತಿ ಗಂಭೀರ ತಪ್ಪುಗಳಾಗಿದ್ದವು. ಸಿಬ್ಬಂದಿಯ ನಿದ್ದೆ ಎಚ್‌ಆರ್ ವಿಷಯ ಅನ್ನೋರಿಗೆ ಈ ಅಂಕಿ ಒಂದೇ ಸಾಕು.

ನಿದ್ದೆ ಎಲ್ಲಿ ಮಾಡುತ್ತಾರೆ ಅನ್ನೋದೂ ಸುರಕ್ಷತೆಯ ಪ್ರಶ್ನೆಯೇ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರಲ್ಲಿ 31 ವರ್ಷದ ತರಬೇತಿ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆದದ್ದು ಸೆಮಿನಾರ್ ಕೊಠಡಿಯಲ್ಲಿ. ದೀರ್ಘ ಪಾಳಿಯ ನಡುವೆ ಆಕೆ ಅಲ್ಲಿ ಒರಗಿದ್ದರು. ಬೀಗ ಇರುವ ಒಂದು ವಿಶ್ರಾಂತಿ ಕೊಠಡಿ, ರಾತ್ರಿ ಓಡಾಟದ ಮೇಲೆ ಕಣ್ಣು, ಯಾರು ಎಲ್ಲಿವರೆಗೆ ಹೋಗಬಹುದು ಅನ್ನೋ ನಿಯಮ. ಇವು ಐಷಾರಾಮದ ಪಟ್ಟಿಯಲ್ಲಿ ಇರುವ ವಸ್ತುಗಳಲ್ಲ.

ಹಲ್ಲೆಯ ವಿಷಯಕ್ಕೆ ಬಂದರೆ ಎಲ್ಲರಿಗೂ ಮೊದಲು ನೆನಪಾಗೋದು ಕಾನೂನು ಮತ್ತು ಸೆಕ್ಯುರಿಟಿ. ಎರಡೂ ಬೇಕು. ಹೊಡೆದವರಿಗೆ ಶಿಕ್ಷೆ ಆಗಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆತಕ್ಕಿಂತ ಎರಡು ಗಂಟೆ ಮುಂಚೆ ಏನಾಗಿತ್ತು ಅಂತ ಕೇಳುವವರು ಕಮ್ಮಿ. ಎಮರ್ಜೆನ್ಸಿಯ ಬಾಗಿಲು ಮುಚ್ಚಿದೆ. ಒಳಗೆ ಹೆಂಡತಿಯೋ ಮಗನೋ ಇದ್ದಾರೆ. ಹೊರಗೆ ಕೂರೋಕೆ ಜಾಗ ಇಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಾರೆ. ಹೊರಬಂದವರು ಮುಖ ತಿರುಗಿಸಿ ಹೋಗುತ್ತಾರೆ, ಅವರಿಗೂ ಹೇಳೋಕೆ ಏನೂ ಇಲ್ಲ, ಅಥವಾ ಪುರುಸೊತ್ತಿಲ್ಲ. ನಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಹೆಚ್ಚು ಗಂಭೀರ ಇರುವವರನ್ನು ಮೊದಲು ನೋಡುತ್ತಾರೆ ಅನ್ನೋದು ಆಸ್ಪತ್ರೆಯವರಿಗೆ ಅಕ್ಷರಾಭ್ಯಾಸದಷ್ಟು ಸಹಜ. ಹೊರಗೆ ಕೂತವರ ಕಣ್ಣಿಗೆ ಅದು ಬರೀ ಪಕ್ಷಪಾತ. ಕೊನೆಗೆ ಕೆಟ್ಟ ಸುದ್ದಿ ಬರುತ್ತದೆ. ಅದನ್ನು ಹೇಳಲು ಕಳಿಸೋದು ಯಾರನ್ನು? ಅಲ್ಲಿರುವವರಲ್ಲೇ ಅತಿ ಕಿರಿಯರನ್ನು, ಕಾರಿಡಾರಿನಲ್ಲಿ, ಒಬ್ಬರನ್ನೇ.

ಇದು ಹಲ್ಲೆಗೆ ಸಮಜಾಯಿಷಿ ಅಲ್ಲ, ಎಲ್ಲಿ ತಡೆಯಬಹುದು ಅನ್ನೋದರ ಲೆಕ್ಕ. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ‘ಇನ್ನೂ ನೋಡುತ್ತಿದ್ದಾರೆ, ಬದಲಾವಣೆ ಇಲ್ಲ’ ಅಂತ ಹೇಳೋದಕ್ಕೇ ಒಬ್ಬರನ್ನು ಇಟ್ಟರೆ ಅದು ಸಿಬ್ಬಂದಿಯ ರಕ್ಷಣೆಗೆ ಮಾಡಿದ ಖರ್ಚು. ಕೆಟ್ಟ ಸುದ್ದಿಯನ್ನು ಹಿರಿಯರೊಬ್ಬರು, ಕುರ್ಚಿ ಇರುವ ಕೋಣೆಯಲ್ಲಿ, ಇಬ್ಬರು ಒಟ್ಟಿಗೆ ಹೋಗಿ ಹೇಳೋದೂ ಅಷ್ಟೆ. ಆ ಕೋಣೆಯಲ್ಲಿ ಸಿಬ್ಬಂದಿ ಬಾಗಿಲಿನ ಕಡೆಗೆ ಕೂರಬೇಕು, ನಡುವೆ ಯಾರೂ ಅಡ್ಡ ಬರದ ಹಾಗೆ. ಬೈಗುಳವನ್ನೂ ಘಟನೆ ಅಂತಲೇ ದಾಖಲಿಸಬೇಕು. ‘ಇದೆಲ್ಲ ಈ ಕೆಲಸದಲ್ಲಿ ಇದ್ದದ್ದೇ’ ಅಂತ ಬಿಟ್ಟರೆ ಕೈ ಎತ್ತುವವರೆಗೂ ಯಾರಿಗೂ ಸುಳಿವು ಸಿಗಲ್ಲ.

ಬಾಗಿಲಲ್ಲಿ ನಿಂತವರು

ನೋಡಲು ಬಂದವರನ್ನು ಆಸ್ಪತ್ರೆ ನೋಡೋದು ಎರಡೇ ರೀತಿಯಲ್ಲಿ. ಒಂದು, ರಗಳೆ. ಇನ್ನೊಂದು, ಕೂಲಿ ಇಲ್ಲದ ಸಹಾಯಕರು. ಡ್ರಿಪ್ ಮುಗಿದರೆ ಓಡಿ ಹೋಗಿ ಹೇಳುವವರು, ಔಷಧಿ ತರುವವರು, ವೀಲ್‌ಚೇರ್ ತಳ್ಳುವವರು. ಇವರೂ ಅಪಾಯಕ್ಕೆ ಸಿಗಬಹುದು ಅನ್ನೋದು ಲೆಕ್ಕದಲ್ಲಿ ಇರಲ್ಲ.

2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಮರ್ಸ್ ಅನ್ನೋ ಉಸಿರಾಟದ ಸೋಂಕುರೋಗ ಬಂದಾಗ 186 ಜನಕ್ಕೆ ಸೋಂಕು ತಗುಲಿತು, 38 ಜನ ತೀರಿಕೊಂಡರು. ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬರಿಂದ ಶುರುವಾದದ್ದು. ಅವರಿಂದ ಒಂದು ಆಸ್ಪತ್ರೆಯಲ್ಲಿ ಸೋಂಕು ಅಂಟಿಸಿಕೊಂಡ ಇನ್ನೊಬ್ಬ ರೋಗಿ ಮೇ ಕೊನೆಯಲ್ಲಿ ಸಿಯೋಲ್‌ನ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಬಂದರು. ಅಲ್ಲಿ ಅವರಿಂದಲೇ 82 ಜನಕ್ಕೆ ಸೋಂಕು ಹರಡಿತು. ಈ 82ರಲ್ಲಿ ರೋಗಿಗಳು 33. ಸಿಬ್ಬಂದಿ 8. ಉಳಿದ 41 ಜನ ನೋಡಲು ಬಂದವರು, ಜೊತೆಗಿದ್ದವರು. ಸರಿಯಾಗಿ ಅರ್ಧ. ಮೊದಲ ಆಸ್ಪತ್ರೆಯಲ್ಲಿ ಮರ್ಸ್ ಕಾಣಿಸಿಕೊಂಡಿದೆ ಅನ್ನೋದು ಎರಡನೆಯ ಆಸ್ಪತ್ರೆಗೆ ಗೊತ್ತಿರಲಿಲ್ಲ. ಯಾವ ಯಾವ ಆಸ್ಪತ್ರೆಗಳಲ್ಲಿ ರೋಗ ಇದೆ ಅಂತ ಸರ್ಕಾರ ಬಹಿರಂಗ ಮಾಡಿದ್ದು ಜೂನ್ 7ಕ್ಕೆ. ಅಲ್ಲಿವರೆಗೆ ಗುಟ್ಟು. ಗಾಬರಿ ಆಗಬಾರದು ಅಂತ ಮುಚ್ಚಿಟ್ಟ ಮಾತು ಎಷ್ಟು ಮನೆಗಳಿಗೆ ಗಾಬರಿ ತಂದಿತು ನೋಡಿ.

ಬೆಂಕಿಯೂ ಹೀಗೇ. 2021ರ ಏಪ್ರಿಲ್‌ನಲ್ಲಿ ಬಾಗ್ದಾದ್‌ನ ಕೋವಿಡ್ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ರೋಗಿಗಳ ಜೊತೆಗೆ ಅವರನ್ನು ನೋಡಿಕೊಳ್ಳುತ್ತಿದ್ದ ಮನೆಯವರೂ ಅದರಲ್ಲಿ ಇದ್ದರು. ಆಮ್ಲಜನಕ ತಾನೇ ಉರಿಯಲ್ಲ, ಆದರೆ ಅದು ಜಾಸ್ತಿ ಇದ್ದ ಕಡೆ ಸಣ್ಣ ಕಿಡಿಯೂ ಹಾಸಿಗೆ, ಪರದೆ, ಪ್ಲಾಸ್ಟಿಕ್ಕನ್ನು ಕ್ಷಣದಲ್ಲಿ ನುಂಗುತ್ತದೆ. ಸಿಬ್ಬಂದಿಗೆ ಬೆಂಕಿಯ ತರಬೇತಿ ಕೊಡುವ ಆಸ್ಪತ್ರೆಗಳಿವೆ. ಜೊತೆಗಿರುವವರಿಗೆ, ಬಂದ ಮೊದಲ ದಿನ, ‘ತುರ್ತು ದಾರಿ ಇದು, ಲಿಫ್ಟ್ ಹತ್ತಬೇಡಿ’ ಅಂತ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಬಿಲ್ ಕೌಂಟರ್ ಎಲ್ಲಿದೆ ಅಂತ ಮಾತ್ರ ಚೆನ್ನಾಗಿ ತೋರಿಸಿಕೊಟ್ಟರು.

ಹೊರಗಿನವರೆಲ್ಲ ಅಮಾಯಕರು ಅಂತ ಹೇಳುತ್ತಿಲ್ಲ. ಬ್ರಿಟನ್ನಿನ ಟಿವಿ ತಾರೆ ಜಿಮ್ಮಿ ಸಾವಿಲ್ 1968ರಿಂದ ಲೀಡ್ಸ್‌ನ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗಿ ರೋಗಿಗಳ ಸ್ಟ್ರೆಚರ್ ತಳ್ಳುತ್ತಿದ್ದ. ಹಣ ಎತ್ತಿಕೊಡುತ್ತಿದ್ದ ದಾನಿ, ಜನಪ್ರಿಯ ಮುಖ, ಎಲ್ಲ ಬಾಗಿಲೂ ಅವನಿಗೆ ತೆರೆದಿದ್ದವು. 2011ರಲ್ಲಿ ಸತ್ತ. 2014ರಲ್ಲಿ ತನಿಖೆಯ ವರದಿ ಬಂದಾಗ, ಅವನ ದೌರ್ಜನ್ಯಕ್ಕೆ ಒಳಗಾದವರ ವಯಸ್ಸು 5ರಿಂದ 75ರವರೆಗೆ ಇತ್ತು ಅಂತ ಗೊತ್ತಾಯಿತು. ರೋಗಿಗಳಿದ್ದರು, ಸಿಬ್ಬಂದಿ ಇದ್ದರು, ನೋಡಲು ಬಂದವರೂ ಇದ್ದರು. ಮೂರೂ ಫೈಲಿನವರು. ಕೆಲವರು ಆಗಲೇ ನರ್ಸ್‌ಗಳಿಗೆ ಹೇಳಿದ್ದರು. ಮಾತು ವಾರ್ಡಿನಿಂದ ಮೇಲಕ್ಕೆ ಹೋಗಲಿಲ್ಲ. ಅಷ್ಟು ದೊಡ್ಡ ಮನುಷ್ಯನ ಮೇಲೆ ಯಾರು ದೂರು ಬರೆಯುತ್ತಾರೆ? ಗೇಟಿನಲ್ಲಿ ಸಾಮಾನ್ಯರ ಚೀಲ ತಡಕುವ ವ್ಯವಸ್ಥೆ ಗಣ್ಯರಿಗೆ ಬಾಗಿಲು ತೆಗೆದು ನಿಲ್ಲುತ್ತದೆ. ಪಾಸು ಕೇಳಿದರೆ ಎಲ್ಲರನ್ನೂ ಕೇಳಬೇಕು. ಒಳಪರೀಕ್ಷೆಯ ಹೊತ್ತಿಗೆ ರೋಗಿ ಬಯಸಿದರೆ ಜೊತೆಗೆ ಇನ್ನೊಬ್ಬರು ಇರಬೇಕು. ಇದರಿಂದ ವೈದ್ಯರಿಗೂ ರಕ್ಷಣೆಯೇ.

ಇನ್ನು ಹತ್ತಿರದವರ ಕಣ್ಣು. ಅಮ್ಮನಿಗೆ ಮಗುವಿನ ಉಸಿರು ಗೊತ್ತಿರುವಷ್ಟು ಮಾನಿಟರಿಗೆ ಗೊತ್ತಿರಲ್ಲ. 2021ರಲ್ಲಿ ಮಾರ್ಥಾ ಅನ್ನೋ 13 ವರ್ಷದ ಹುಡುಗಿ ಸೈಕಲ್‌ನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ ಲಂಡನ್ನಿನ ಆಸ್ಪತ್ರೆ ಸೇರಿದಳು. ಸೋಂಕು ರಕ್ತಕ್ಕೆ ಏರಿತು. ಪರಿಸ್ಥಿತಿ ಬಿಗಡಾಯಿಸುತ್ತಿದೆ ಅಂತ ಅಪ್ಪ ಅಮ್ಮ ಹೇಳುತ್ತಲೇ ಇದ್ದರು. ಬೇಗ ಐಸಿಯುಗೆ ಕಳಿಸಿದ್ದರೆ ಬಹುಶಃ ಬದುಕುತ್ತಿದ್ದಳು ಅಂತ ಆಮೇಲೆ ಅಧಿಕೃತ ವಿಚಾರಣೆಯೇ ಹೇಳಿತು. 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಬಂದದ್ದು ಹೀಗೆ. ರೋಗಿಯ ಸ್ಥಿತಿ ಕೆಡುತ್ತಿದೆ, ನಮ್ಮ ಮಾತು ಯಾರೂ ಕೇಳುತ್ತಿಲ್ಲ ಅನ್ನಿಸಿದರೆ ಮನೆಯವರು ನೇರವಾಗಿ ಬೇರೆ ತಂಡವನ್ನು ಕರೆಯಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥದ್ದೇ ನಿಯಮ 2013ರಿಂದ ಇದೆ. ಅದರ ಹಿಂದೆಯೂ ಒಂದು ಮಗುವಿನ ಸಾವು.

ಇಂಥ ನಿಯಮ ಬಂದರೆ ಸುಮ್ಮಸುಮ್ನೆ ಫೋನ್ ಮಾಡಿ ತಲೆ ತಿನ್ನುತ್ತಾರೆ ಅನ್ನೋ ಆತಂಕ ವೈದ್ಯರಲ್ಲಿ ಇದೆ. ಕೆಲವರು ಮಾಡಬಹುದು ಕೂಡ. ಆದರೆ ಕರೆಯಲು ಒಂದು ನಂಬರು ಇದೆ ಅಂತ ಗೊತ್ತಿದ್ದವರು ವಾರ್ಡಿನಲ್ಲಿ ಮೇಜು ಗುದ್ದೋದು ಕಮ್ಮಿ ಆಗಬಹುದು ಅಂತ ನನಗೆ ಅನ್ನಿಸುತ್ತದೆ. ದನಿಗೆ ದಾರಿ ಇದ್ದರೆ ಅದು ಕಿರುಚಾಟ ಆಗಬೇಕಿಲ್ಲ.

ಹೇಳಿದ್ದಕ್ಕೇ ಶಿಕ್ಷೆ?

ಇಲ್ಲಿ ಒಂದು ಗಂಟು ಇದೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಒಬ್ಬ ನರ್ಸ್ 75 ವರ್ಷದ ಮಹಿಳೆಗೆ ಆತಂಕ ಇಳಿಸುವ ಔಷಧಿ ಕೊಡಬೇಕಿತ್ತು. ಔಷಧಿ ಯಂತ್ರದಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು. ಅವೇ ಅಕ್ಷರಗಳಿಂದ ಶುರುವಾಗುವ, ಸ್ನಾಯುಗಳನ್ನು ನಿಲ್ಲಿಸಿಬಿಡುವ ಬೇರೆ ಔಷಧಿ ಹೊರಬಂತು. ಅದನ್ನೇ ಕೊಟ್ಟರು. ರೋಗಿ ತೀರಿಕೊಂಡರು. ನರ್ಸ್ ತಪ್ಪು ಒಪ್ಪಿಕೊಂಡರು, ಮುಚ್ಚಿಡಲಿಲ್ಲ. 2022ರಲ್ಲಿ ಅವರನ್ನು ಕ್ರಿಮಿನಲ್ ನಿರ್ಲಕ್ಷ್ಯದಿಂದಾದ ಸಾವಿಗೆ ತಪ್ಪಿತಸ್ಥರೆಂದು ಕೋರ್ಟು ತೀರ್ಪು ಕೊಟ್ಟಿತು. ಮೂರು ವರ್ಷ ನಿಗಾದಲ್ಲಿ ಇರುವ ಶಿಕ್ಷೆ, ಜೈಲಿಲ್ಲ.

ನರ್ಸ್‌ಗಳು ರೊಚ್ಚಿಗೆದ್ದರು. ನಾಳೆಯಿಂದ ಯಾರು ತಪ್ಪು ಒಪ್ಪಿಕೊಳ್ಳುತ್ತಾರೆ ಅಂತ ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಹಾಗೆಂದು ಆ ನರ್ಸ್ ಹಲವು ಎಚ್ಚರಿಕೆಗಳನ್ನು ದಾಟಿ ಹೋಗಿದ್ದೂ ನಿಜ. ಸೀಸೆಯ ಮುಚ್ಚಳದ ಮೇಲೇ ಎಚ್ಚರಿಕೆ ಬರೆದಿತ್ತು. ಸತ್ತವರ ಮನೆಯವರಿಗೆ ‘ವ್ಯವಸ್ಥೆಯ ದೋಷ’ ಅಂತ ಹೇಳಿ ಕೈ ತೊಳೆದುಕೊಂಡರೆ ಸಾಕಾ? ನನಗೆ ಅನ್ನಿಸೋದು, ಮೂರನ್ನು ಬೇರೆ ಮಾಡಬೇಕು. ಎಲ್ಲರ ಕೈಯಿಂದಲೂ ಆಗಬಹುದಾದ ಮರೆವು ಒಂದು. ಎಲ್ಲರೂ ಮಾಡುತ್ತಾರೆ ಅಂತ ಹಿಡಿದ ಅಡ್ಡದಾರಿ ಇನ್ನೊಂದು. ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು ಮೂರನೆಯದು. ಮೊದಲನೆಯದಕ್ಕೆ ಸಾಂತ್ವನ, ಎರಡನೆಯದಕ್ಕೆ ತಿದ್ದುವ ಕೆಲಸ, ಮೂರನೆಯದಕ್ಕೆ ಶಿಕ್ಷೆ. ಈ ಗೆರೆ ಎಲ್ಲಿದೆ ಅನ್ನೋದು ಘಟನೆ ಆಗುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಆದ ಮೇಲೆ ಎಳೆದರೆ ಅದು ಯಾವಾಗಲೂ ಕೆಳಗಿನವರ ಕಾಲ ಬುಡದಲ್ಲೇ ಬೀಳುತ್ತದೆ.

ಎಲ್ಲವನ್ನೂ ಮನುಷ್ಯರ ಬಾಯಿಗೇ ಬಿಡುವುದೂ ಬೇಕಿಲ್ಲ. ಬಾಯಿ ಬೇಡದ ರಕ್ಷಣೆಗಳೂ ಇವೆ. ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ರಕ್ತನಾಳಕ್ಕೆ ಮಾತ್ರ ಕೊಡಬೇಕಾದದ್ದು. ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಸಾವೇ. ಸಿರಿಂಜು ಸಿರಿಂಜಿನ ಹಾಗೇ ಕಾಣುತ್ತದೆ, ಆದ್ದರಿಂದ ಈ ತಪ್ಪು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಆಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟು, ಸಿರಿಂಜಿನ ಬದಲು ಸಣ್ಣ ಡ್ರಿಪ್ ಚೀಲದಲ್ಲಿ ಕೊಡಿ ಅಂದಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗಲ್ಲ. ನೇರವಾಗಿ ರಕ್ತಕ್ಕೆ ಕೊಟ್ಟರೆ ಹೃದಯವನ್ನೇ ನಿಲ್ಲಿಸಬಲ್ಲ ಗಟ್ಟಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಸೀಸೆಯನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ತೆಗೆಸಿದ್ದೂ ಅದೇ ಯೋಚನೆ. ಕೈಗೆ ಸಿಗದ ಸೀಸೆ ಕೈತಪ್ಪಲ್ಲ.

ಆ ರಾತ್ರಿ ನಾನು ಹೇಳಿದಾಗ ನರ್ಸ್ ಬೈಯಲಿಲ್ಲ. ಟ್ರೇ ಕೆಳಗಿಟ್ಟು, ಅಪ್ಪನ ಮಣಿಕಟ್ಟು ಹಿಡಿದು, ಪಟ್ಟಿಯ ಮೇಲಿನ ಅಕ್ಷರಕ್ಕೆ ಮೊಬೈಲಿನ ಬೆಳಕು ಬಿಟ್ಟು ಓದಿದರು. ಓದಿ ಒಂದು ಕ್ಷಣ ಹಾಗೇ ನಿಂತರು. ‘ಒಳ್ಳೇದಾಯ್ತು ಹೇಳಿದ್ರಿ’ ಅಂದರು. ಆಮೇಲೆ ಅಪ್ಪನ ಒಳ್ಳೆ ಕಿವಿಯ ಹತ್ತಿರ ಬಗ್ಗಿ, ‘ಅಜ್ಜಾ, ಇನ್ಮೇಲೆ ಯಾರೇ ಬಂದ್ರೂ ಮೊದಲು ಈ ಪಟ್ಟಿ ತೋರ್ಸಿ, ಆಮೇಲೆ ಕೈ ಕೊಡಿ’ ಅಂತ ಜೋರಾಗಿ ಹೇಳಿದರು.

ಅಪ್ಪ ಅದನ್ನು ಎಷ್ಟು ಗಟ್ಟಿ ಹಿಡಿದರು ಅಂದರೆ, ಡಿಸ್ಚಾರ್ಜ್ ದಿನ ವೀಲ್‌ಚೇರ್ ತಂದ ಹುಡುಗನಿಗೂ ಮಣಿಕಟ್ಟು ಮುಂದೆ ಮಾಡಿ ಕೂತರು. ಆ ಹುಡುಗ ಪಾಪ ಏನು ಮಾಡಬೇಕು ಅಂತ ತಿಳಿಯದೆ, ಕೈ ಕುಲುಕಿದ.